ಖಾಲಿ ಬಿಟ್ಟ ನಾಲ್ಕು ಮಾತ್ರೆ

ನಮ್ಮ ಕಡೆ ಡಿಜೆ ಎಂದರೆ ಹಾಡು ಹಾಕುವವನು. ಜಮೈಕಾದ ರೆಗ್ಗೆ ಸಂಗೀತದಲ್ಲಿ ಹಾಡು ಹಾಕುವವನನ್ನು ಸೆಲೆಕ್ಟರ್ ಎನ್ನುತ್ತಾರೆ. ಡಿಜೆ ಎಂಬ ಹೆಸರು, ಓಡುತ್ತಿರುವ ತಾಳದ ಮೇಲೆ ಮೈಕು ಹಿಡಿದು ಲಯಕ್ಕೆ ಮಾತು ಕಟ್ಟುವವನಿಗೆ ಸಲ್ಲುತ್ತದೆ. ದಕ್ಷಿಣ ಲಂಡನ್ನಿನಲ್ಲಿ ಕೆಲಸಕ್ಕಿದ್ದಾಗ, ಜಮೈಕಾ ಮೂಲದ ಹಿರಿಯ ಸೆಲೆಕ್ಟರ್ ಒಬ್ಬರ ಬಳಿ ನಾನು ಈ ಕಲೆಯನ್ನು ಕಲಿತು, ಕನ್ನಡದಲ್ಲಿ ಅಭ್ಯಾಸ ಮಾಡಿದೆನು.

ಅವರು ಮೊದಲು ಮೈಕು ಕೊಡಲಿಲ್ಲ. ಜಮೈಕಾದ ಹೆಸರಾಂತ ಡಿಜೆ ಯು-ರಾಯ್ ಅವರ ಧ್ವನಿಮುದ್ರಿಕೆಗಳನ್ನು ಕೇಳಿಸಿದರು. 1950ರ ದಶಕದಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಸೌಂಡ್ ಸಿಸ್ಟಂಗಳಲ್ಲಿ, ಅಂದರೆ ದೊಡ್ಡ ಸ್ಪೀಕರುಗಳನ್ನಿಟ್ಟು ಕುಣಿತಕ್ಕೆ ಹಾಡು ಹಾಕುವ ತಂಡಗಳಲ್ಲಿ, ಕೌಂಟ್ ಮಚುಕಿಯಂಥವರು ಹಾಡಿನ ನಡುವೆ ಚುರುಕು ಮಾತು ಸೇರಿಸುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಗಾಯಕರ ದನಿ ತೆಗೆದು ವಾದ್ಯಗಳನ್ನಷ್ಟೇ ಉಳಿಸಿದ ‘ವರ್ಷನ್’ಗಳು ಬಂದ ಮೇಲೆ ಆ ಮಾತಿಗೆ ಇಡೀ ಹಾಡಿನಷ್ಟು ಜಾಗ ದೊರೆಯಿತು. 1970ರಲ್ಲಿ ನಿರ್ಮಾಪಕ ಡ್ಯೂಕ್ ರೀಡ್ ಅವರಿಗಾಗಿ ಯು-ರಾಯ್ ಮಾಡಿದ ಮುದ್ರಿಕೆಯೊಂದರಲ್ಲಿ ಪ್ಯಾರಗನ್ಸ್ ತಂಡದ ಹಳೆಯ ಗಾಯನದ ತುಣುಕು ಬಂದು ಮರೆಯಾಗುತ್ತದೆ, ತೆರವಾದ ಆ ಜಾಗದಲ್ಲಿ ಯು-ರಾಯ್ ಅದಕ್ಕೆ ಉತ್ತರ ಕೊಡುತ್ತಾರೆ. ಗಮಕಿಗಳು ಓದಿ ನಿಲ್ಲಿಸಿದಲ್ಲಿ ವ್ಯಾಖ್ಯಾನಕಾರರು ಮಾತೆತ್ತಿಕೊಳ್ಳುವುದನ್ನು ಕೇಳಿ ಬೆಳೆದ ನನಗೆ ಇದು ಪರಕೀಯವೆನಿಸಲಿಲ್ಲ.

ಆದರೂ ಸಭಾಂಗಣವೊಂದರಲ್ಲಿ ಮೈಕು ಹಿಡಿದ ಮೊದಲ ರಾತ್ರಿ ಸೋತೆನು. ಸಾಲುಗಳ ಕೊನೆಗೆ ಬಂದೆನು, ನಿಂದೆನು ಎಂದು ಪ್ರಾಸ ಕೂಡಿಸುತ್ತ ಉಸಿರು ಬಿಡದೆ ಸುರಿದೆನು. ಕುಣಿಯುತ್ತಿದ್ದವರು ನಿಂತರು, ಹಿರಿಯರು ಮೆಲ್ಲನೆ ಮೈಕಿನ ದನಿ ತಗ್ಗಿಸಿ, ಡ್ರಮ್ಮಿನವನು ಬಿಟ್ಟಿರುವ ಜಾಗವನ್ನು ನೀನೇಕೆ ತುಂಬುತ್ತೀಯೆ ಎಂದು ಕೇಳಿದರು.

ಉತ್ತರ ಸಿಕ್ಕಿದ್ದು ಛಂದಸ್ಸಿನಲ್ಲಿ. ರೆಗ್ಗೆಯ ‘ಒನ್ ಡ್ರಾಪ್’ ನಡೆಯಲ್ಲಿ ನಾಲ್ಕು ಎಣಿಕೆಗಳ ಪೈಕಿ ಮೊದಲನೆಯದನ್ನು ಡ್ರಮ್ಮು ಖಾಲಿ ಬಿಟ್ಟು, ಮೂರನೆಯದರ ಮೇಲೆ ಪೆಟ್ಟು ಹಾಕುತ್ತದೆ. ಎರಡು ಮತ್ತು ನಾಲ್ಕರ ಮೇಲೆ ಗಿಟಾರು ಚುಟುಕಾಗಿ ಮೀಟುತ್ತದೆ. ಎಣಿಕೆಗೆ ಎರಡು ಮಾತ್ರೆಯಂತೆ ಹಿಡಿದರೆ ನಾಲ್ಕೆಣಿಕೆಯ ಎರಡು ಆವರ್ತಕ್ಕೆ ಹದಿನಾರು ಮಾತ್ರೆ, ಅಂದರೆ ಮಂದಾನಿಲ ರಗಳೆಯ ಒಂದು ಸಾಲು ಸರಿಯಾಗಿ ಕೂರುತ್ತದೆ. ಹೀಗೆ ಬರೆದುಕೊಂಡೆನು:

ಬಾಗಿಲು ತೆರೆದಿದೆ ಒಳಗಡೆ ಬಾರೋ
ಕೂಗುವ ಕೊರಳಿಗೆ ತಾಳವ ತೋರೋ

ಮೊದಲ ಸಾಲಿನ ‘ಒಳಗಡೆ’ ಶುರುವಾಗುವುದು ಎರಡನೆಯ ಆವರ್ತದ ಖಾಲಿ ಎಣಿಕೆಯ ಮೇಲೆ. ಆ ಪದವನ್ನು ತೆಗೆದು ಅದರ ನಾಲ್ಕು ಮಾತ್ರೆಗಳನ್ನು ಮೌನಕ್ಕೆ ಬಿಟ್ಟೆನು. ‘ಬಾಗಿಲು ತೆರೆದಿದೆ’ ಎಂದು ನಿಂತಾಗ ಬೇಸ್ ಗಿಟಾರು, ಗಿಟಾರಿನ ಒಂದು ಮೀಟು ಇಷ್ಟೇ ಕೇಳುತ್ತವೆ. ‘ಬಾರೋ’ ಎಂಬುದು ಡ್ರಮ್ಮಿನ ಪೆಟ್ಟಿನೊಡನೆ ಇಳಿಯುತ್ತದೆ. ಅರ್ಥಕ್ಕೆ ಏನೂ ಕೊರತೆಯಾಗುವುದಿಲ್ಲ. ಎರಡನೆಯ ಸಾಲಿನಲ್ಲಿ ಇದು ಒಗ್ಗಲಿಲ್ಲ, ಏಕೆಂದರೆ ‘ತಾಳವ’ ತೆಗೆದರೆ ಏನನ್ನು ತೋರಬೇಕೆಂಬುದೇ ಉಳಿಯದು. ಆದ್ದರಿಂದ ಅದನ್ನು ತುಂಬಿದ ಸಾಲಾಗಿಯೇ ಓಡಿಸಿದೆನು. ಬಿಡುವಿನ ಬಳಿಕ ಬಂದ ಆ ಓಟಕ್ಕೆ ಬಲ ಹೆಚ್ಚಿತು.

ಪ್ರಾಸದ ವಿಷಯದಲ್ಲಿಯೂ ನನ್ನ ನಿಲುವು ಬದಲಾಯಿತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಂತ್ಯಪ್ರಾಸ ಸುಲಭವಾಗಿ ಸಿಗುತ್ತದೆ. ಕಿವಿ ಅದಕ್ಕೆ ಬೇಗ ದಣಿಯುತ್ತದೆ. ‘ಬಾಗಿಲು’, ‘ಕೂಗುವ’ ಎಂಬಲ್ಲಿನ ಎರಡನೆಯ ಅಕ್ಷರದ ಗಕಾರವಾದರೋ, ಡ್ರಮ್ಮು ಇನ್ನೂ ಬೀಳದ ಹೊತ್ತಿನಲ್ಲಿ ಸಾಲಿಗೆ ಹಿಡಿತ ಕೊಡುತ್ತದೆ.

ಕೆಲವು ವಾರಗಳ ನಂತರ ಅದೇ ಸಭಾಂಗಣದಲ್ಲಿ ಈ ಎರಡು ಸಾಲು ಹೇಳಿದೆನು. ಭಾಷೆ ಅಲ್ಲಿ ಯಾರಿಗೂ ತಿಳಿಯದು. ‘ಬಾರೋ’ ಎಂದೊಡನೆ ಹಿರಿಯರು, ಅಲ್ಲಿ ಮೆಚ್ಚುಗೆ ತೋರುವ ರೂಢಿಯಂತೆ, ಧ್ವನಿಮುದ್ರಿಕೆಯ ತಟ್ಟೆಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ, ತಾಳವನ್ನು ಮತ್ತೆ ಮೊದಲಿನಿಂದ ಹಾಕಿದರು.