ಮರಿಯನ್ನು ಸಾಯಿಸೋದು ಬಿಟ್ಟೆ, ನನ್ನ ಪೆಟ್ ಆಪ್ ಬದುಕಿತು

ಪೆಟ್ ಆಪ್‌ನಲ್ಲಿ, ಅಂದರೆ ಫೋನಿನಲ್ಲಿ ಮರಿ ಸಾಕುವ ಆಟದಲ್ಲಿ, ಮರಿ ಸಾಯಬೇಕು, ಕೊನೇಪಕ್ಷ ಕಾಯಿಲೆಯಾದರೂ ಬೀಳಬೇಕು, ಇಲ್ಲದಿದ್ದರೆ ಯಾರೂ ವಾಪಸ್ ಬರುವುದಿಲ್ಲ ಅಂತ ನನಗೆ ಹೇಳದವರಿಲ್ಲ. ಎಲ್ಲರ ಬಾಯಲ್ಲೂ 1996ರ ತಮಾಗೋಚಿಯದೇ ಉದಾಹರಣೆ. ಸರಿ, ಅದರಲ್ಲಿ ಮರಿ ಸಾಯುತ್ತಿತ್ತು. ಆದರೆ ಅದು ದುಡ್ಡು ಕೊಟ್ಟು ಕೊಂಡ ಆಟಿಕೆ. ಸತ್ತರೆ ಬಟನ್ ಒತ್ತಿ ಹೊಸ ಮೊಟ್ಟೆಯಿಂದ ಶುರು ಮಾಡುತ್ತಿದ್ದರು. ಫೋನಿನಲ್ಲಿ ಪುಕ್ಕಟೆ ಹಾಕಿಕೊಂಡ ಆಪ್‌ಗೆ ಯಾವ ಹಂಗು? ಬೇಜಾರಾದರೆ ಅನ್‌ಇನ್‌ಸ್ಟಾಲ್, ಮುಗೀತು.

ಮೊದಲ ವರ್ಶನ್ ನಾನೂ ಅವರು ಹೇಳಿದಂತೆಯೇ ಮಾಡಿದ್ದೆ. ಎಂಟು ಗಂಟೆ ಕಳೆದರೆ ಹೊಟ್ಟೆ ಖಾಲಿ, ಆಮೇಲೆ ಜ್ವರ, ಮೂರು ದಿನ ಬಿಟ್ಟರೆ ಗೋರಿಕಲ್ಲು. ಡಿ1 ರಿಟೆನ್ಷನ್, ಅಂದರೆ ಇನ್‌ಸ್ಟಾಲ್ ಮಾಡಿದ ಮರುದಿನವೂ ಬರುವವರು, ನೂರಕ್ಕೆ ಮೂವತ್ತರ ಆಸುಪಾಸು, ಅದು ಪರವಾಗಿಲ್ಲ. ಏಳನೇ ದಿನದ ಲೆಕ್ಕ, ಡಿ7, ಎಂಟು ದಾಟಲಿಲ್ಲ. ಮೂವತ್ತನೇ ದಿನದ್ದು, ಡಿ30, ಹತ್ತಿರ ಹತ್ತಿರ ಒಂದು. ರೇಟಿಂಗ್ 3.4. ಇನ್‌ಸ್ಟಾಲ್‌ಗೆ ಅಂತ ಜಾಹೀರಾತಿಗೆ ಸುರಿದ ದುಡ್ಡಿನಲ್ಲಿ ಮೂರರಲ್ಲಿ ಒಂದು ಪಾಲೂ ವಾಪಸ್ ಬರಲಿಲ್ಲ, ಉಳಿತಾಯ ಕರಗಿತು, ಆಮೇಲೆ ಕ್ರೆಡಿಟ್ ಕಾರ್ಡ್. ಐಕಾನ್ ಬದಲಿಸಿದೆ, ಸ್ಕ್ರೀನ್‌ಶಾಟ್ ಬದಲಿಸಿದೆ, ಟ್ಯುಟೋರಿಯಲ್ ಚಿಕ್ಕದು ಮಾಡಿದೆ. ಡಿ1 ಒಂಚೂರು ಏರಿತು, ಡಿ7 ಅಲ್ಲಾಡಲಿಲ್ಲ.

ಆಮೇಲೆ ಒಂದು ಸ್ಟಾರ್ ರಿವ್ಯೂಗಳನ್ನೆಲ್ಲ ಕೂತು ಓದಿದೆ. ಕ್ರ್ಯಾಶ್ ಬಗ್ಗೆ ಬೈಗುಳ ಇರುತ್ತೆ ಅಂದುಕೊಂಡಿದ್ದೆ, ಅದು ಕಡಿಮೆ. ಜಾಸ್ತಿ ಇದ್ದದ್ದು ನಾಲ್ಕು ದಿನ ಆಪ್ ತೆರೆಯದೆ ಇದ್ದವರದು. ಒಬ್ಬರು ಬರೆದಿದ್ದರು: ಪರೀಕ್ಷೆ ಮುಗಿಸಿ ಬಂದು ನೋಡಿದರೆ ತಾನಿಟ್ಟ ಹೆಸರೇ ಗೋರಿಯ ಮೇಲೆ, ಆಪ್ ಚೆನ್ನಾಗಿದೆ, ತೆರೆಯೋಕೆ ಮಾತ್ರ ಭಯ. ಹೊಗಳಿ ಒಂದು ಸ್ಟಾರ್! ಡೇಟಾ ತೆಗೆದು ನೋಡಿದೆ. ಎರಡು ದಿನ ಬಿಟ್ಟು ಬಂದವರು ಕಾಯಿಲೆ ಸ್ಕ್ರೀನ್ ನೋಡಿ ಅರ್ಧ ನಿಮಿಷವೂ ನಿಲ್ಲುತ್ತಿರಲಿಲ್ಲ, ಹೋದವರು ಮತ್ತೆ ಬರುತ್ತಲೂ ಇರಲಿಲ್ಲ. ವಾಪಸ್ ಬಂದವರನ್ನು ನಾನೇ ಬಾಗಿಲಲ್ಲಿ ನಿಂತು ಬೈದು ಕಳಿಸುತ್ತಿದ್ದ ಹಾಗಿತ್ತು.

ಹಾಗಾಗಿ ಸಾವು, ಜ್ವರ ಎರಡನ್ನೂ ಕಿತ್ತು ಹಾಕಿದೆ. ಒಂದು ದಿನ ಯಾರೂ ನೋಡದಿದ್ದರೆ ಮರಿ ಗಂಟು ಕಟ್ಟಿಕೊಂಡು ತಿರುಗಾಟಕ್ಕೆ ಹೋಗುತ್ತದೆ, ಬರುವಾಗ ಏನಾದರೂ ತರುತ್ತದೆ. ಈ ಐಡಿಯಾ ನನ್ನದೇ ಅಂತ ಹೇಳುವುದಿಲ್ಲ. ಹಿಟ್-ಪಾಯಿಂಟ್ ಕಂಪನಿಯ ಪ್ರವಾಸಿ ಕಪ್ಪೆ ಅನ್ನೋ ಮೊಬೈಲ್ ಆಟ 2017ರ ಕೊನೆಯಲ್ಲಿ ಬರೀ ಜಪಾನಿ ಭಾಷೆಯಲ್ಲಿ ಬಂದು, 2018ರ ಜನವರಿಯಲ್ಲಿ ಚೀನಾದಲ್ಲಿ ಹುಚ್ಚೆಬ್ಬಿಸಿತ್ತು. ಓದಲು ಬಾರದ ಭಾಷೆಯ ಆಟವನ್ನು ಜನ ಆಡಿದರು ಅಂದರೆ ಅದರಲ್ಲಿ ಏನೋ ಇದೆ ಅಲ್ವಾ?

ನಾನು ಸೇರಿಸಿದ್ದು ವಾಪಸಾತಿಯ ಆರು ಸೆಕೆಂಡ್. ಆಪ್ ತೆರೆದರೆ ಮನೆ ಖಾಲಿ. ಎಡಗಡೆಯಿಂದ ಪುಟುಪುಟು ಸದ್ದು. ಮೊದಲು ಕಿವಿ ಕಾಣುತ್ತದೆ, ಆಮೇಲೆ ಕೆಸರು ಮೆತ್ತಿದ ಮೂತಿ. ಓಡಿ ಬಂದು ಜಾರಿ, ಬಾಯಲ್ಲಿದ್ದ ಕಲ್ಲನ್ನು ಪರದೆಯ ತುದಿಗೆ ಇಟ್ಟು ನಿಮ್ಮ ಮುಖ ನೋಡುತ್ತದೆ. ಇದನ್ನು ಎರಡು ಸೆಕೆಂಡಿಗೆ ಇಳಿಸಿ ನೋಡಿದೆ, ಕೆಲಸ ಮಾಡಲಿಲ್ಲ. ಸ್ಕಿಪ್ ಬಟನ್ ಕೊಟ್ಟರೆ ಇನ್ನೂ ಕೆಟ್ಟಿತು, ಬಟನ್ ಕಂಡರೆ ಜನ ಸುಮ್ನೆ ಒತ್ತುತ್ತಾರೆ. ಯಾರಿಗೆ ಏನು ತರಬೇಕು ಅಂತ ಹೇಗೆ ಆರಿಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ರ‍್ಯಾಂಡಮ್ ಅಂತೂ ಅಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಮರಿಗೆ ಮತ್ತೆ ಜೀವ ಕೊಡಲು ನೋಡಬೇಕಿದ್ದ ರಿವಾರ್ಡೆಡ್ ವಿಡಿಯೋದಿಂದಲೇ ಜಾಹೀರಾತಿನ ಆದಾಯ ಅರ್ಧದಷ್ಟು ಬರುತ್ತಿತ್ತು. ಅದು ಹೋಯಿತು. ಆಪ್ ವ್ಯವಹಾರ ಚೆನ್ನಾಗಿ ಬಲ್ಲ ಗೆಳೆಯನೊಬ್ಬ "ನಿನ್ನ ಕಾಲಿಗೆ ನೀನೇ ಕೊಡಲಿ ಹಾಕ್ಕೊಂಡೆ" ಅಂದ. ಮೊದಲ ತಿಂಗಳು ಅವನ ಮಾತೇ ನಿಜ ಅನ್ನಿಸಿತು, ಸರ್ವರ್ ಬಿಲ್ ಕಟ್ಟುವಷ್ಟೂ ಹುಟ್ಟಲಿಲ್ಲ. ಎರಡನೇ ತಿಂಗಳಿಂದ ಡಿ7 ಹದಿನೇಳರ ಹತ್ತಿರ ಬಂತು, ಡಿ30 ಏಳು. ದಿನಕ್ಕೆ ತಲಾ ಬರುವ ದುಡ್ಡು ಮೊದಲಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಆದರೆ ಜನ ಉಳಿಯುವ ದಿನ ಮೂರು ಪಟ್ಟಾಯಿತು. ಲೆಕ್ಕ ನೀವೇ ಹಾಕಿ. ರಿವಾರ್ಡೆಡ್ ವಿಡಿಯೋವನ್ನು ದುರ್ಬೀನಿಗೆ ಹಾಕಿದೆ: ನೋಡಿದರೆ ಮರಿ ಈಗ ಎಲ್ಲಿದೆ ಅಂತ ಒಂದು ಚಿತ್ರ ಸಿಗುತ್ತದೆ. ಆಟದ ನಡುವೆ ಪರದೆ ತುಂಬ ಬರುವ ಇಂಟರ್‌ಸ್ಟಿಷಿಯಲ್ ಜಾಹೀರಾತನ್ನು ಪೂರ್ತಿ ತೆಗೆದೆ. ಮರಿಗೆ ಹಾಕುವ ಟೋಪಿಗಳು ಮಾರಾಟವಾಗುತ್ತವೆ. ಮನೆಯ ಸಾಮಾನು, ಎಷ್ಟು ಚಂದ ಬಿಡಿಸಿದರೂ, ಯಾರಿಗೂ ಬೇಡ. ಯಾಕೆ ಅಂದರೆ ಟೋಪಿ ಫೋನಿನ ಹೋಮ್ ಸ್ಕ್ರೀನ್ ಮೇಲೆ ಕೂರುವ ವಿಜೆಟ್‌ನಲ್ಲೂ ಕಾಣುತ್ತದೆ.

ವಿಜೆಟ್ ಅಂದ ಮೇಲೆ ನೆನಪಾಯಿತು. ಮರಿ ಬೆನ್ನು ಹಾಕಿ ಕೂತಿರುವ ವಿಜೆಟ್, ಮುಖ ತೋರಿಸುವುದಕ್ಕಿಂತ ಚೆನ್ನಾಗಿ ಓಡಿತು. ತಿರುಗಿಸಿ ನೋಡೋಣ ಅಂತ ಒತ್ತುತ್ತಾರೆ. 2010ರ ಟಾಕಿಂಗ್ ಟಾಮ್ ಥರ ಮಾತು ಅನುಕರಿಸುವ ಫೀಚರ್ ಕೂಡ ಹಾಕಿ ನೋಡಿದೆ. ಮೈಕ್ ಪರ್ಮಿಶನ್ ಕೇಳಿದ ತಕ್ಷಣ ಜನ ಓಡಿದರು, ತೆಗೆದು ಬಿಸಾಕಿದೆ.

ನೋಟಿಫಿಕೇಶನ್ ದಿನಕ್ಕೆ ಐದಿತ್ತು, ಎಲ್ಲಾ "ಹಸಿವು, ಹಸಿವು". ಈಗ ಒಂದೇ, ಅದೂ ಮರಿ ವಾಪಸ್ ಬಂದಾಗ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೂ ಪರ್ಮಿಶನ್ ಕೇಳಬೇಕಲ್ಲ, ಅದನ್ನು ಮೊದಲ ಸ್ಕ್ರೀನ್‌ನಿಂದ ತೆಗೆದು ಮೊದಲ ಕಲ್ಲು ಸಿಕ್ಕಿದ ಮೇಲೆ ಕೇಳಿದೆ. ಒಪ್ಪುವವರು ಮೂರರಲ್ಲಿ ಒಬ್ಬರಿದ್ದದ್ದು ಇಬ್ಬರಾದರು.

ರೇಟಿಂಗ್ ಈಗ ಪ್ಲೇ ಸ್ಟೋರ್‌ನಲ್ಲಿ 4.6. ಅಲ್ಲಿ ಹೊಸ ರೇಟಿಂಗ್‌ಗೆ ತೂಕ ಜಾಸ್ತಿ, ಅದಕ್ಕೇ ಹಳೇ ಪಾಪ ಬೇಗ ತೊಳೆಯಿತು. ಆಪ್ ಸ್ಟೋರ್‌ನಲ್ಲಿ ಹೊಸ ವರ್ಶನ್ ಬಿಡುವಾಗ ರೇಟಿಂಗನ್ನು ರೀಸೆಟ್ ಮಾಡಬಹುದು, ನಾನು ಮಾಡಿದೆ. ಕೆಲವು ದಿನ ಸ್ಟಾರ್ ಜಾಗ ಖಾಲಿ ಇದ್ದು ಇನ್‌ಸ್ಟಾಲ್ ಬಿದ್ದವು, ಆಮೇಲೆ ಸರಿಹೋಯಿತು. ಐಒಎಸ್‌ನಲ್ಲಿ ರಿವ್ಯೂ ಪಾಪ್‌ಅಪ್ 365 ದಿನಕ್ಕೆ ಮೂರೇ ಸಲ ಬರುತ್ತದೆ, ಹಾಗಾಗಿ ಯಾವಾಗ ಕೇಳುತ್ತೀರಿ ಅನ್ನೋದೇ ಎಲ್ಲ. ನಾನು ಯಾವಾಗ ಕೇಳುತ್ತೇನೆ? ಅದನ್ನೂ ಹೇಳುವುದಿಲ್ಲ.

ಸಾವು ಬೇಕೇ ಬೇಕು ಅಂತ ಹಠ ಹಿಡಿದ ಒಂದಷ್ಟು ಜನ ಈಗಲೂ ಮೇಲ್ ಹಾಕುತ್ತಾರೆ. ಅವರಿಗಾಗಿ ಸೆಟ್ಟಿಂಗ್ಸ್‌ನಲ್ಲಿ ಒಂದು ಸ್ವಿಚ್ ಇಟ್ಟಿದ್ದೇನೆ. ನೂರರಲ್ಲಿ ಒಬ್ಬರೂ ಆನ್ ಮಾಡಿಲ್ಲ. ಮಾಡಿದವರಲ್ಲೂ ಅರ್ಧಕ್ಕರ್ಧ ಜನ, ಮರಿಗೆ ಮೊದಲ ಜ್ವರ ಬಂದ ದಿನವೇ ಆಫ್ ಮಾಡಿದ್ದಾರೆ.