ಕುಡಿತ ಬಿಡುವವರ ಕೂಟಕ್ಕೆ ಮೊದಲ ಸಲ ಹೋಗುವುದು ಹೇಗೆ?

ಕೂಟ ನಡೆಯುವ ಕಟ್ಟಡದ ಎದುರು ಬೈಕ್ ನಿಲ್ಲಿಸಿ, ಸುಮ್ನೆ ಮೊಬೈಲ್ ನೋಡುತ್ತಾ ಹತ್ತು ನಿಮಿಷ ಕಳೆದು, ಒಳಗೆ ಹೋಗದೆ ಮನೆಗೆ ವಾಪಸಾಗುವವರಿದ್ದಾರೆ. ಯಾರಾದರೂ ಪರಿಚಯದವರು ನೋಡಿಬಿಟ್ಟರೆ ಎಂಬ ಅಳುಕು. ಒಳಗೆ ಪರಿಚಯದವರು ಇದ್ದರೆ ಅವರೂ ಅದೇ ಕೆಲಸಕ್ಕೆ ಬಂದಿರುತ್ತಾರೆ ಎನ್ನುವುದು ಆ ಹೊತ್ತಿಗೆ ಹೊಳೆಯುವುದಿಲ್ಲ. ಒಳಗೆ ಏನು ನಡೆಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ಈ ಅಳುಕು ಅರ್ಧ ಕಡಿಮೆಯಾಗುತ್ತದೆ.

ಮೊದಲು ಡಾಕ್ಟರ್

ದಿನಾ ಜಾಸ್ತಿ ಕುಡಿಯುವವರು 'ನಾಳೆಯಿಂದ ಒಂದು ತೊಟ್ಟೂ ಮುಟ್ಟಲ್ಲ' ಎಂದು ಆಣೆ ಮಾಡಿ ಮನೆಯಲ್ಲಿ ಕೂತುಬಿಡುವುದು ಅಪಾಯ. ಕೊನೆಯ ಸಲ ಕುಡಿದ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಇಲ್ಲದ್ದು ಕಾಣುವುದು, ಯಾರು ಎಲ್ಲಿ ಎಂಬ ಗೊಂದಲ, ಜ್ವರ ಶುರುವಾದರೆ ಜೀವಕ್ಕೇ ಕುತ್ತು. ಇದು ಮನೋಬಲ ಕಡಿಮೆಯಾಗಿ ಆಗುವುದಲ್ಲ. ಮದ್ಯಕ್ಕೆ ಒಗ್ಗಿಹೋದ ಮಿದುಳು ಅದು ಥಟ್ಟನೆ ನಿಂತಾಗ ಕೆರಳುವುದರಿಂದ ಆಗುವುದು. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಬೇರೆ ಕೇಂದ್ರವಿದೆ. ನಡುಕ ಇಳಿಸುವ ಔಷಧಿ ಆಸ್ಪತ್ರೆಯ ಕೆಲಸ. ಆಮೇಲಿನ ಸಂಜೆಗಳನ್ನು ದಾಟಿಸುವುದು ಕೂಟದ ಕೆಲಸ. ಒಂದರ ಬದಲು ಇನ್ನೊಂದು ಅಂತ ಮಾಡಿಕೊಳ್ಳಬೇಡಿ.

ಹುಡುಕುವುದು ಎಲ್ಲಿ?

ಹೆಚ್ಚು ಕಡೆ ಸಿಗುವುದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ. ಇದರ ಭಾರತದ ವೆಬ್‌ಸೈಟ್‌ನಲ್ಲಿ ಊರುಗಳ ಮೀಟಿಂಗ್ ವಿವರ ಸಿಗುತ್ತದೆ. ಚಿಕಿತ್ಸೆ ಕೊಡುವ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳುವುದು ಇನ್ನೂ ಸುಲಭ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್, 14416. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಹಳ್ಳಿ ಕಡೆಯವರಿಗೆ ಇನ್ನೊಂದು ದಾರಿ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಇದೆ. ನನ್ನ ಪ್ರಕಾರ ಎಂಟು ದಿನಕ್ಕಿಂತ ಆಮೇಲಿನ ಸಮಿತಿಯೇ ಮುಖ್ಯ. ಶಿಬಿರದಲ್ಲಿ ಬಿಡುವುದು ಕಷ್ಟವಲ್ಲ, ಊರ ಜಾತ್ರೆಯಲ್ಲಿ, ಬೀಗರೂಟದಲ್ಲಿ ಬಿಟ್ಟೇ ಇರುವುದು ಕಷ್ಟ, ಅಲ್ವಾ?

ಹೊರಡುವ ಮುಂಚೆ ಫೋನ್ ಮಾಡಿ ಮೂರು ವಿಷಯ ಕೇಳಿಕೊಳ್ಳಿ. ಮೀಟಿಂಗ್ ಯಾವ ಭಾಷೆಯಲ್ಲಿ? ಜಾಗ, ಸಮಯ ಈಗಲೂ ಅದೇನಾ? ಓಪನ್ ಮೀಟಿಂಗೋ, ಕ್ಲೋಸ್ಡ್ ಮೀಟಿಂಗೋ? ಓಪನ್‌ಗೆ ಮನೆಯವರನ್ನು ಕರೆದುಕೊಂಡು ಹೋಗಬಹುದು. ಕ್ಲೋಸ್ಡ್ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಗಂಡಸರೇ ತುಂಬಿರುವ ಕೋಣೆಗೆ ಹೋಗಲು ಮುಜುಗರಪಡುವ ಹೆಂಗಸರು ಆನ್‌ಲೈನ್ ಮೀಟಿಂಗ್‌ನಿಂದ ಶುರು ಮಾಡಬಹುದು.

ಒಳಗೆ ಹೋದ ಮೇಲೆ

ಜಾಗ ಚರ್ಚಿನ ಹಾಲ್ ಆಗಿರಬಹುದು, ಶಾಲೆಯ ಕೋಣೆಯೂ ಆಗಿರಬಹುದು. ಚರ್ಚ್ ಅಂದ ತಕ್ಷಣ ಬೇರೆ ಅನುಮಾನ ಬೇಡ, ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ. ಕುಡಿತ ಬಿಟ್ಟು ಬಾಳಲು ಅದು ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ ನಿಜ, ಆದರೆ ಆ ದೇವರು ಯಾರು ಎಂಬುದನ್ನು ನಿಮಗೇ ಬಿಟ್ಟಿದ್ದಾರೆ.

ಸದಸ್ಯತ್ವಕ್ಕೆ ಫೀಸಿಲ್ಲ. ಕುಡಿತ ಬಿಡುವ ಆಸೆ ಇರಬೇಕು, ಅಷ್ಟೇ. ಸುಮಾರು ಒಂದು, ಒಂದೂವರೆ ಗಂಟೆ ಕೂರುತ್ತಾರೆ. ಒಬ್ಬೊಬ್ಬರೇ ಬರೀ ಹೆಸರು ಹೇಳಿ, ತಮ್ಮ ಕಥೆ ಹೇಳುತ್ತಾರೆ. ಇದಕ್ಕೆ ಷೇರಿಂಗ್ ಅನ್ನುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಹೆಂಡತಿ, ಅಮ್ಮ, ಬಾಸ್ ಎಲ್ಲರಿಂದ ಬುದ್ಧಿಮಾತು ಕೇಳಿ ಸುಸ್ತಾದವರಿಗೆ ಇದೇ ದೊಡ್ಡ ಸಮಾಧಾನ. ನಿಮ್ಮ ಸರದಿ ಬಂದಾಗ 'ಇವತ್ತು ಕೇಳಿಸಿಕೊಳ್ತೀನಿ' ಅಂದರೆ ಸಾಕು. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ. ಖರ್ಚಿಗೆಂದು ಡಬ್ಬಿ ತಿರುಗುತ್ತದೆ, ಹೊಸಬರು ಹಾಕಲೇಬೇಕೆಂದಿಲ್ಲ.

ಬರೀ ಮಾತಿನಿಂದ ಏನಾಗುತ್ತೆ ಎಂದು ಕೇಳುವವರಿಗೆ ಎಎ ಹುಟ್ಟಿದ ಕಥೆ ಹೇಳಬೇಕು. 1935ರಲ್ಲಿ ಬಿಲ್ ವಿಲ್ಸನ್ ಎಂಬ ಅಮೆರಿಕನ್ ವ್ಯಾಪಾರದ ಕೆಲಸಕ್ಕೆ ಅಕ್ರಾನ್ ಎಂಬ ಊರಿಗೆ ಹೋಗಿದ್ದ. ಆತ ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತಷ್ಟೆ. ಕೆಲಸ ಕೆಟ್ಟಿತು, ಹೋಟೆಲಿನ ಬಾರ್ ಕರೆಯತೊಡಗಿತು. ಆತ ಬಾರಿನ ಕಡೆ ಹೋಗದೆ ಫೋನ್ ಹಿಡಿದು, ಮಾತಾಡಲು ಇನ್ನೊಬ್ಬ ಕುಡುಕ ಸಿಗುತ್ತಾನಾ ಎಂದು ಹುಡುಕಿದ. ಸಿಕ್ಕವರು ಡಾ. ಬಾಬ್ ಸ್ಮಿತ್ ಎಂಬ ಸರ್ಜನ್. ಅವರ ಜೊತೆ ಮಾತಾಡಿದ್ದರಿಂದ ಬಿಲ್ ತಾನೂ ಕುಡಿಯದೆ ಉಳಿದ. ಡಾ. ಬಾಬ್ ಕೊನೆಯ ಸಲ ಕುಡಿದ ಜೂನ್ 10ನ್ನೇ ಎಎ ತನ್ನ ಹುಟ್ಟಿದ ದಿನ ಎಂದು ಲೆಕ್ಕ ಹಾಕುತ್ತದೆ. ಅಂದರೆ ನೀವು ಹೋಗಿ ಕೂತರೆ ಅಲ್ಲಿನ ಹಳಬರಿಗೂ ಉಪಯೋಗ. ಹೊರೆ ಆಗ್ತೀನಿ ಅಂದುಕೊಳ್ಳಬೇಡಿ.

ಆಮೇಲೆ

ಒಂದು ಮೀಟಿಂಗ್ ನೋಡಿ 'ನಮ್ಮಂಥವರಿಗಲ್ಲ' ಎಂದು ತೀರ್ಮಾನಿಸಬೇಡಿ. ಗುಂಪಿಂದ ಗುಂಪಿಗೆ ಹವಾ ಬೇರೆ. ನಾಲ್ಕೈದು ಸಲ, ಸಾಧ್ಯವಾದರೆ ಬೇರೆ ಬೇರೆ ಕಡೆ ಹೋಗಿ. ಚಹಾ ಕುಡಿಯುವಾಗ ಇಬ್ಬರ ನಂಬರ್ ತೆಗೆದುಕೊಳ್ಳಿ. ಮುಂದೆ ಅವರಲ್ಲೇ ಒಬ್ಬರು ಸ್ಪಾನ್ಸರ್ ಆಗಬಹುದು, ಅಂದರೆ ಕೈ ಹಿಡಿದು ನಡೆಸುವ ಹಳೆ ಸದಸ್ಯರು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಸ್ಪಾನ್ಸರ್ ಆಗುವುದು ರೂಢಿ.

ಮಧ್ಯೆ ಒಂದು ದಿನ ಕುಡಿದುಬಿಟ್ಟರೆ? ಮುಖ ತೋರಿಸುವುದು ಹೇಗೆ ಅಂತ ಮನೆಯಲ್ಲೇ ಉಳಿಯುವುದು ದೊಡ್ಡ ತಪ್ಪು. ಅಲ್ಲಿ ಕೂತವರಲ್ಲಿ ಹಾಗೆ ಜಾರಿದವರು ಬೇಕಾದಷ್ಟು ಜನ ಇರುತ್ತಾರೆ. ಮುಂದಿನ ಮೀಟಿಂಗ್‌ಗೇ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಇಷ್ಟು ಓದಿದವರು ಕುಡಿಯುವವರ ಹೆಂಡತಿಯೋ ಮಗನೋ ಆಗಿದ್ದರೆ, ನಿಮಗೂ ಅಲ್-ಅನಾನ್ ಎಂಬ ಬೇರೆ ಕೂಟವಿದೆ. ಮನೆಯವರು ಇನ್ನೂ ಕುಡಿಯುತ್ತಲೇ ಇದ್ದರೂ, ಎಎ ಹೆಸರೆತ್ತಿದರೆ ರೇಗಿದರೂ, ನೀವು ಅಲ್ಲಿಗೆ ಹೋಗಬಹುದು. ಅವರ ಒಪ್ಪಿಗೆ ಬೇಕಿಲ್ಲ.