ಉತ್ತರದ ಜ್ವಾಲಾಮುಖಿ ದ್ವೀಪಗಳಿಗೆ ಹಡಗಿನಲ್ಲಿ: ದಡಕ್ಕೆ ಇಳಿಯುವುದು ಹೇಗೆ?

ಐಸ್‌ಲ್ಯಾಂಡಿನ ಉತ್ತರಕ್ಕಿರುವ ಯಾನ್ ಮಾಯೆನ್ ದ್ವೀಪದ ಕಪ್ಪು ಮರಳಿಗೆ ಕಾಲಿಟ್ಟ ಹತ್ತೇ ನಿಮಿಷಕ್ಕೆ ಹುಬ್ಬಳ್ಳಿಯ ಹಿರಿಯರೊಬ್ಬರು ಹಡಗಿಗೆ ವಾಪಸಾಗಬೇಕಾಯಿತು. ಪ್ಯಾಂಟಿನ ತುದಿಯನ್ನು ಗಮ್‌ಬೂಟಿನ ಒಳಗೆ ಸಿಕ್ಕಿಸಿಕೊಂಡಿದ್ದರು. ದೋಣಿಯಿಂದ ಇಳಿಯುವಾಗ ಬಂದ ಅಲೆ ಮೊಣಕಾಲಿಗೆ ಬಡಿದು, ಪ್ಯಾಂಟಿನ ಮೇಲೆ ಜಾರಿ, ನೆಟ್ಟಗೆ ಬೂಟಿನೊಳಕ್ಕೆ ಇಳಿಯಿತು. ಆ ನೀರು ಹಿಮ ಕರಗಿದಷ್ಟೇ ತಣ್ಣಗಿರುತ್ತದೆ. ಎರಡು ನಿಮಿಷಕ್ಕೆ ಪಾದ ಮರಗಟ್ಟಿತು. "ಇಷ್ಟ್ ದೂರ ಬಂದು ಹತ್ತ್ ನಿಮಿಷ ನಿಂತ್ವಿ ನೋಡ್ರಿ" ಎಂದು ಅವರ ಮನೆಯವರು ರಾತ್ರಿ ಊಟದ ಹೊತ್ತಿಗೆ ಹೇಳುವಾಗ ಕಣ್ಣು ತುಂಬಿತ್ತು.

ಈಚೆಗೆ ನಮ್ಮವರು ಐಸ್‌ಲ್ಯಾಂಡ್, ಯಾನ್ ಮಾಯೆನ್, ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡ್ ದ್ವೀಪಗಳ ಕಡೆ ಹಡಗಿನಲ್ಲಿ ಹೋಗುತ್ತಿದ್ದಾರೆ. ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಅದು. ಟಿಕೆಟ್ಟಿಗೆ, ಕ್ಯಾಮೆರಾಗೆ ಕೊಡುವ ಗಮನದಲ್ಲಿ ಕಾಲುಭಾಗವನ್ನೂ ದಡಕ್ಕೆ ಇಳಿಯುವ ಕೆಲಸಕ್ಕೆ ಕೊಡುವುದಿಲ್ಲ. ಅದಕ್ಕಾಗಿಯೇ ಈ ಬರಹ.

ಮೊದಲು ಹಡಗಿನ ಆಯ್ಕೆ. ಸಾವಿರಾರು ಜನರ ದೊಡ್ಡ ಹಡಗು ಬೇಡ. ಅದರಲ್ಲಿ ಹೋದರೆ ದ್ವೀಪವನ್ನು ಕಿಟಕಿಯಿಂದ ನೋಡಿಕೊಂಡು ಬರುತ್ತೀರಿ. ಸ್ವಾಲ್ಬಾರ್ಡ್‌ನ ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಹೋಗುವಂತಿಲ್ಲ ಎಂಬ ನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಅಲ್ಲಿ ಇಳಿಯುವುದಕ್ಕೂ ಗೊತ್ತುಮಾಡಿದ ಜಾಗಗಳೇ ಇವೆ. ಕೋಣೆ ಆರಿಸುವಾಗ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿ ಇರುವುದನ್ನೇ ಕೇಳಿ. ಬಾಲ್ಕನಿಯ ಆಸೆಗೆ ಮೇಲಿನ ಕೋಣೆ ಹಿಡಿದವರು ಹೆಚ್ಚು ದುಡ್ಡು ಕೊಟ್ಟು ಹೆಚ್ಚು ತೂಗಾಡುತ್ತಾರೆ.

ಎರಡನೆಯದು ವೀಸಾ. ಇಲ್ಲಿ ಏಜೆಂಟರೂ ಎಡವುತ್ತಾರೆ. ಸ್ವಾಲ್ಬಾರ್ಡ್ ಮತ್ತು ಯಾನ್ ಮಾಯೆನ್ ಎರಡೂ ನಾರ್ವೆಯವೇ, ಆದರೆ ಸ್ವಾಲ್ಬಾರ್ಡ್ ಷೆಂಗೆನ್ ವಲಯದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಹೊರಗಿದೆ. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಹಡಗು ಹತ್ತಿ, ಸ್ವಾಲ್ಬಾರ್ಡ್‌ನ ಲಾಂಗ್‌ಯೀರ್‌ಬೀನ್‌ನಲ್ಲಿ ಇಳಿದು, ಆಸ್ಲೊ ಮೂಲಕ ಬೆಂಗಳೂರಿಗೆ ಬರುವವರು ಷೆಂಗೆನ್‌ಗೆ ಎರಡು ಸಲ ಕಾಲಿಟ್ಟ ಹಾಗೆ. ಒಂದೇ ಪ್ರವೇಶದ ವೀಸಾ ಸಾಲದು. ಅರ್ಜಿಯಲ್ಲಿ ಎರಡು ಅಥವಾ ಹಲವು ಪ್ರವೇಶ ಎಂದು ಗುರುತು ಹಾಕಿ, ಹಡಗಿನ ಮಾರ್ಗಪಟ್ಟಿ ಲಗತ್ತಿಸಿ. ನಮ್ಮ ಜೊತೆಗಿದ್ದ ದಂಪತಿಗೆ "ನಾರ್ವೆ ಅಂದ್ರೆ ನಾರ್ವೆ, ಒಂದು ಎಂಟ್ರಿ ಸಾಕು" ಎಂದು ಏಜೆಂಟರೊಬ್ಬರು ಹೇಳಿ ಕಳಿಸಿದ್ದರು. ಹೊರಡುವುದಕ್ಕೆ ಮೂರು ವಾರ ಇರುವಾಗ ಗೊತ್ತಾಗಿ ಮತ್ತೆ ಓಡಾಡಬೇಕಾಯಿತು. ಹಡಗು ಡೆನ್ಮಾರ್ಕಿಗೆ ಸೇರಿದ ಫೇರೋ ದ್ವೀಪಗಳಿಗೂ ಹೋಗುವುದಾದರೆ ವೀಸಾದ ಮೇಲೆ ಆ ಹೆಸರು ಬರೆದಿರಲೇಬೇಕು. ಶೆಟ್‌ಲ್ಯಾಂಡ್ ಇದ್ದರೆ ಬ್ರಿಟನ್ನಿನ ವೀಸಾ ಬೇರೆಯೇ ಬೇಕು. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಹಾಕಿ.

ವಿಮೆ ಮಾಡಿಸಿ. ಸಮುದ್ರದ ನಡುವಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚೂ ಅದರಲ್ಲಿ ಸೇರಿರಲಿ.

ಬಟ್ಟೆಗೆ ಬರೋಣ. ಜುಲೈನಲ್ಲೂ ಸ್ವಾಲ್ಬಾರ್ಡ್‌ನಲ್ಲಿ ಸರಾಸರಿ ಏಳು ಡಿಗ್ರಿ ಆಸುಪಾಸು ಅಷ್ಟೇ. ಚಳಿಗಿಂತ ಗಾಳಿ ಮತ್ತು ನೀರು ಕಾಡುತ್ತವೆ. ಮೈಗೆ ತಾಗುವ ಬಟ್ಟೆ ಹತ್ತಿಯದ್ದಾಗಿರಬಾರದು. ಬೆವರಿದ ಹತ್ತಿ ಒಣಗುವುದಿಲ್ಲ, ಮೈಯ ಶಾಖವನ್ನೆಲ್ಲ ಹೀರುತ್ತದೆ. ರಸ್ತೆಬದಿಯಲ್ಲಿ "ಥರ್ಮಲ್" ಎಂದು ಮಾರುವ ಸೆಟ್‌ನ ಒಳಚೀಟಿ ಓದಿ, ಬಹಳಷ್ಟರಲ್ಲಿ ಹತ್ತಿಯೇ ಇರುತ್ತದೆ. ಮೆರಿನೊ ಉಣ್ಣೆಯ ಒಂದು ಜೊತೆ ಕೊಂಡರೆ ಸಾಕು, ವಾರ ಹಾಕಿಕೊಂಡರೂ ವಾಸನೆ ಬರುವುದಿಲ್ಲ. ಅದರ ಮೇಲೆ ಫ್ಲೀಸ್, ಮೇಲೆ ನೀರು ಇಳಿಯದ ಜಾಕೆಟ್. ಜೀನ್ಸ್ ಮನೆಯಲ್ಲೇ ಇರಲಿ. ಕೊಡೆ, ಪ್ಲಾಸ್ಟಿಕ್ ಮಳೆಕೋಟು ಎರಡೂ ಆ ಗಾಳಿಗೆ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮುಖ್ಯ ಪ್ಯಾಂಟಿನ ಮೇಲೆ ಹಾಕುವ ವಾಟರ್‌ಪ್ರೂಫ್ ಪ್ಯಾಂಟು. ಅದರ ಕಾಲಿನ ಬಾಯಿ ಗಮ್‌ಬೂಟಿನ ಮೇಲೆ ಇಳಿಯುವಷ್ಟು ಅಗಲವಾಗಿರಬೇಕು. ಅಂಗಡಿಗೆ ಗಮ್‌ಬೂಟು ತೆಗೆದುಕೊಂಡು ಹೋಗಿ ಹಾಕಿ ನೋಡಿಯೇ ಕೊಳ್ಳಿ.

ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಬಹುದು. ತುಪ್ಪ, ಧಾರವಾಡ ಪೇಡೆಯಂತಹ ಹಾಲಿನ ಪದಾರ್ಥ ಬೇಡ. ಹೊರಗಿನಿಂದ ಹಾಲು, ಮಾಂಸದ ಪದಾರ್ಥ ತರುವುದನ್ನು ಐಸ್‌ಲ್ಯಾಂಡ್, ನಾರ್ವೆ ಎರಡೂ ನಿಷೇಧಿಸಿವೆ.

ಹೊಟ್ಟೆ ತೊಳಸುವುದನ್ನು ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಮೊದಲೇ ತಂದಿಟ್ಟುಕೊಳ್ಳಿ. ಅಲೆ ಏಳುವ ಮುಂಚೆಯೇ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಒಳಗೆ ನಿಲ್ಲುವುದಿಲ್ಲ. ಐಸ್‌ಲ್ಯಾಂಡ್ ದಾಟಿದ ಮೇಲೆ ಸುತ್ತ ಬರೀ ಸಮುದ್ರ.

ಇನ್ನು ಮುಖ್ಯ ಸಂಗತಿ. ಈ ದ್ವೀಪಗಳಲ್ಲಿ ಬಹುತೇಕ ಕಡೆ ಜೆಟ್ಟಿ ಇಲ್ಲ. ಯಾನ್ ಮಾಯೆನ್‌ಗಂತೂ ಬಂದರೇ ಇಲ್ಲ. ಹಡಗು ದೂರದಲ್ಲಿ ನಿಲ್ಲುತ್ತದೆ. ಜೋಡಿಯಾಕ್ ಎಂಬ ರಬ್ಬರ್ ದೋಣಿಯಲ್ಲಿ ಹತ್ತು ಹತ್ತು ಜನರನ್ನು ದಡಕ್ಕೆ ಬಿಡುತ್ತಾರೆ. ಕೊನೆಯ ನಾಲ್ಕು ಹೆಜ್ಜೆ ನೀರಿನಲ್ಲೇ.

ತಯಾರಿ ಕೋಣೆಯಲ್ಲೇ ಶುರು. ಕರೆ ಬರುವುದಕ್ಕೆ ಅರ್ಧ ಗಂಟೆ ಮೊದಲು ಶೌಚಾಲಯಕ್ಕೆ ಹೋಗಿ ಬನ್ನಿ, ದಡದಲ್ಲಿ ಅದಕ್ಕೆ ಅವಕಾಶವಿಲ್ಲ. ಆಮೇಲೆ ಈ ಕ್ರಮ ತಪ್ಪಿಸಬೇಡಿ: ಉಣ್ಣೆಯ ಒಳಉಡುಪು, ಪ್ಯಾಂಟು, ದಪ್ಪ ಕಾಲುಚೀಲ ಒಂದೇ ಜೊತೆ, ಗಮ್‌ಬೂಟು, ಅದರ ಮೇಲೆ ವಾಟರ್‌ಪ್ರೂಫ್ ಪ್ಯಾಂಟು. ಕಾಲುಚೀಲ ಎರಡು ಜೊತೆ ತುರುಕಿದರೆ ಬೂಟು ಬಿಗಿದು, ರಕ್ತ ಓಡದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ. ವಾಟರ್‌ಪ್ರೂಫ್ ಪ್ಯಾಂಟಿನ ತುದಿ ಬೂಟಿನ ಹೊರಗೇ ಇಳಿಬಿಟ್ಟಿರಬೇಕು, ಮಂಗಳೂರು ಹೆಂಚು ಒಂದರ ಮೇಲೊಂದು ಕೂತು ನೀರು ಹೊರಗೆ ಜಾರಿಸುವ ಹಾಗೆ. ಒಳಗೆ ಸಿಕ್ಕಿಸಿದರೆ ಬೂಟು ಬಕೆಟ್ ಆಗುತ್ತದೆ. ಕೊನೆಗೆ ಜಾಕೆಟ್, ಎಲ್ಲಕ್ಕೂ ಮೇಲೆ ಲೈಫ್ ಜಾಕೆಟ್. ಮಫ್ಲರ್, ದುಪಟ್ಟಾ ಜೋತಾಡಬಾರದು. ಕ್ಯಾಮೆರಾ ಬೆನ್ನಚೀಲದೊಳಗೆ, ನೀರು ಹೋಗದ ಕವರಿನಲ್ಲಿ. ಕುತ್ತಿಗೆಗೆ ನೇತುಹಾಕಿಕೊಂಡ ಕ್ಯಾಮೆರಾ ಇಳಿಯುವಾಗ ದೋಣಿಗೆ ಬಡಿಯುತ್ತದೆ.

ಹಡಗಿನ ಪಕ್ಕದ ಮೆಟ್ಟಿಲ ತುದಿಯಲ್ಲಿ ನಿಂತಾಗ ದೋಣಿ ಒಂದು ಗಳಿಗೆ ನಿಮ್ಮ ಪಾದದ ಮಟ್ಟಕ್ಕೆ ಬರುತ್ತದೆ, ಮರುಗಳಿಗೆ ಒಂದು ಮೊಳ ಕೆಳಗೆ ಹೋಗುತ್ತದೆ. ಎರಡು ಕೈಯೂ ಖಾಲಿ ಇರಲಿ. ನಾವಿಕರಿಗೆ ಕೈ ಕೊಡುವಾಗ ಅಂಗೈಗೆ ಅಂಗೈ ಸೇರಿಸಬೇಡಿ, ಒದ್ದೆ ಕೈಗವಸು ಜಾರುತ್ತದೆ. ನೀವು ಅವರ ಮುಂಗೈ ಹಿಡಿಯಿರಿ, ಅವರು ನಿಮ್ಮ ಮುಂಗೈ ಹಿಡಿಯುತ್ತಾರೆ. ಒಬ್ಬರ ಹಿಡಿತ ತಪ್ಪಿದರೂ ಇನ್ನೊಬ್ಬರದು ಉಳಿಯುತ್ತದೆ. ಅವರು ಹೇಳಿದಾಗ ಮಾತ್ರ ಹೆಜ್ಜೆ ಇಡಿ. ಮೊದಲ ಹೆಜ್ಜೆ ದೋಣಿಯ ಉಬ್ಬಿದ ಅಂಚಿನ ಮೇಲೆ, ಎರಡನೆಯದು ಒಳಗೆ, ಕೂಡಲೇ ಕೂತುಬಿಡಿ. ಹಾರಬೇಡಿ. ಕೂತಲ್ಲಿಂದಲೇ ಅಂಚಿನ ಮೇಲೆ ಸರಿಯುತ್ತ ಅವರು ತೋರಿಸಿದ ಜಾಗಕ್ಕೆ ಹೋಗಿ, ಪಕ್ಕದ ಹಗ್ಗ ಹಿಡಿದುಕೊಳ್ಳಿ. ಫೋಟೊ ತೆಗೆಯಲು ಎದ್ದು ನಿಲ್ಲುವುದು ಸುತರಾಂ ಕೂಡದು.

ದಡದಲ್ಲಿ ದೋಣಿಯ ಮೂತಿ ಮರಳಿಗೆ ತಾಗುತ್ತಿದ್ದಂತೆ ಎಲ್ಲರೂ ಏಳಲು ಹೊರಡುತ್ತಾರೆ. ಅಲ್ಲೇ ತಪ್ಪಾಗುವುದು. ಎಲ್ಲರೂ ಕೂತೇ ಇರಬೇಕು. ಮೂತಿಯ ಬಳಿ ಇರುವವರು ಮೊದಲು, ಒಬ್ಬರಾದ ಮೇಲೆ ಒಬ್ಬರು. ನಿಮ್ಮ ಸರದಿ ಬಂದಾಗ ಮುಂದಕ್ಕೆ ಸರಿದು, ಕೂತಲ್ಲೇ ತಿರುಗಿ, ಎರಡೂ ಕಾಲನ್ನು ಅಂಚು ದಾಟಿಸಿ ಹೊರಗೆ ಇಳಿಬಿಡಿ. ಈಗ ಏಳದೆ ಹಾಗೇ ಕೂತು ಕಾಯಿರಿ. ನೀರಿನಲ್ಲಿ ನಿಂತ ಮಾರ್ಗದರ್ಶಕರು ಅಲೆ ನೋಡುತ್ತಿರುತ್ತಾರೆ. ಬಂದ ಅಲೆ ಹಿಂದೆ ಸರಿದಾಗ "ಈಗ" ಎನ್ನುತ್ತಾರೆ. ಆಗ ಜಾರಿ ಇಳಿದರೆ ನೀರು ಮೀನಖಂಡದವರೆಗೆ ಮಾತ್ರ. ಅವಸರಪಟ್ಟು ಒಂದು ಅಲೆ ಮೊದಲೇ ಇಳಿದರೆ ಅದೇ ನೀರು ತೊಡೆಗೆ. ಇಳಿದವರು ಅಲ್ಲೇ ನಿಂತು ಹಿಂದೆ ತಿರುಗಿ ನೋಡಬಾರದು, ಒದ್ದೆ ಮರಳು ಮುಗಿಯುವವರೆಗೆ ನಡೆದುಬಿಡಿ.

ಇದನ್ನು ಊರಲ್ಲೇ ಅಭ್ಯಾಸ ಮಾಡಬಹುದು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವಾಗ ದೊಡ್ಡ ದೋಣಿಯಿಂದ ಚಿಕ್ಕದಕ್ಕೆ ದಾಟಿ, ನೀರಿನಲ್ಲಿ ಇಳಿದು ದಡ ಸೇರುತ್ತೇವಲ್ಲ, ಅದೇ ಕೆಲಸ. ಆ ದ್ವೀಪದ ಕಂಬಗಲ್ಲುಗಳೂ ಜ್ವಾಲಾಮುಖಿಯವೇ, ಸುಮಾರು 8.8 ಕೋಟಿ ವರ್ಷದವು. ಮಳೆಗಾಲ ಬಿಟ್ಟು ಯಾವಾಗಲಾದರೂ ಹೋಗಿ, ನಾಲ್ಕು ಸಲ ಹತ್ತಿ ಇಳಿಯಿರಿ. ಮೊಣಕಾಲು ನೋವಿರುವವರಿಗೆ ತಮ್ಮ ಮಿತಿ ಅಲ್ಲೇ ತಿಳಿಯುತ್ತದೆ.

ದಡ ಸೇರಿದ ಮೇಲೆ ಕಷ್ಟವಿಲ್ಲ. ಸ್ವಾಲ್ಬಾರ್ಡ್‌ನಲ್ಲಿ ಹಿಮಕರಡಿಯ ಕಾವಲಿಗೆ ಮಾರ್ಗದರ್ಶಕರು ಬಂದೂಕು ಹಿಡಿದಿರುತ್ತಾರೆ, ಅವರನ್ನು ಬಿಟ್ಟು ಹೋಗಬೇಡಿ. ಲಾವಾ ಮೇಲಿನ ಪಾಚಿ ತುಳಿಯಬೇಡಿ, ಒಂದು ಹೆಜ್ಜೆಗುರುತು ಮಾಯಲು ದಶಕಗಳು ಬೇಕು. ಕಲ್ಲು ಹೆಕ್ಕಬೇಡಿ. ಐಸ್‌ಲ್ಯಾಂಡಿನ ದಕ್ಷಿಣಕ್ಕೆ 1963ರ ನವೆಂಬರ್‌ನಲ್ಲಿ ಸಮುದ್ರದೊಳಗಿಂದ ಎದ್ದ ಸುರ್ಟ್ಸೆ ದ್ವೀಪವನ್ನು ಹಡಗಿನಿಂದ ನೋಡುವುದಷ್ಟೇ. ಬರಿಗಲ್ಲಿನ ಮೇಲೆ ಜೀವ ಹೇಗೆ ಹುಟ್ಟಿಕೊಳ್ಳುತ್ತದೆಂದು ಅಧ್ಯಯನ ಮಾಡುವ ವಿಜ್ಞಾನಿಗಳನ್ನು ಬಿಟ್ಟು ಯಾರಿಗೂ ಅಲ್ಲಿ ಇಳಿಯಲು ಬಿಡುವುದಿಲ್ಲ. ಅದರ ನೆರೆಯ ಹೈಮೇ ದ್ವೀಪದಲ್ಲಿ ಮಾತ್ರ ಬಂದರಿದೆ, ಒಣ ಕಾಲಿನಲ್ಲೇ ಇಳಿಯಬಹುದು. 1973ರ ಜನವರಿ 23ರ ನಸುಕಿನಲ್ಲಿ ಊರಂಚಿನ ನೆಲ ಸೀಳಿ ಬೆಂಕಿ ಎದ್ದಾಗ ಸುಮಾರು 5,300 ಜನರನ್ನು ಮೀನು ಹಿಡಿಯುವ ದೋಣಿಗಳು ಆ ರಾತ್ರಿಯೇ ಪಾರುಮಾಡಿದವು. ಬಂದರಿನ ಬಾಯಿ ಮುಚ್ಚಲು ಬಂದ ಲಾವಾಕ್ಕೆ ತಿಂಗಳುಗಟ್ಟಲೆ ಸಮುದ್ರದ ನೀರು ಹಾಯಿಸಿ ತಡೆದರು. ಇಂದು ನೀವು ಇಳಿಯುವುದು ಹಾಗೆ ಉಳಿಸಿಕೊಂಡ ಬಂದರಿನಲ್ಲಿ. ಆ ಬೆಂಕಿಯಿಂದಲೇ ಎದ್ದ ಎಲ್ಡ್‌ಫೆಲ್ ಬೆಟ್ಟ ಹತ್ತಲು ಬೂಟು ಬದಲಿಸಿ, ಗಮ್‌ಬೂಟಿನಲ್ಲಿ ಆ ಸಡಿಲ ಜಲ್ಲಿಯ ಮೇಲೆ ಕಾಲು ಉಳುಕುತ್ತದೆ.

ಹಡಗಿಗೆ ಮರಳಿದ ಮೇಲೆ ಬೂಟಿನ ಅಡಿಯನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಒಂದು ದ್ವೀಪದ ಬೀಜ ಇನ್ನೊಂದಕ್ಕೆ ಹೋಗಬಾರದು. ಜಾಕೆಟ್ಟನ್ನು ಕಪಾಟಿನಲ್ಲಿಡದೆ ಬಾಗಿಲ ಹಿಂದೆ ನೇತುಹಾಕಿ. ಯಾನ್ ಮಾಯೆನ್‌ನ ಬೇರೆನ್‌ಬರ್ಗ್ ಸುಮಾರು 2,270 ಮೀಟರ್ ಎತ್ತರದ, 1985ರಲ್ಲೂ ಬೆಂಕಿ ಉಗುಳಿದ ಬೆಟ್ಟ, ಆದರೆ ಹೆಚ್ಚು ಹೊತ್ತು ಮೋಡದಲ್ಲೇ ಮುಳುಗಿರುತ್ತದೆ. ನಮಗೆ ಅದು ಕಂಡದ್ದು ರಾತ್ರಿ ಹನ್ನೊಂದೂವರೆಗೆ, ಇನ್ನೂ ಮುಳುಗದ ಸೂರ್ಯನ ಬೆಳಕಿನಲ್ಲಿ, ಏಳೇ ನಿಮಿಷ. ಧ್ವನಿವರ್ಧಕದಲ್ಲಿ ಕೂಗಿದ ಕೂಡಲೇ ಜಾಕೆಟ್ ಎಳೆದುಕೊಂಡು ಡೆಕ್ಕಿಗೆ ಓಡಿದವರಿಗೆ ತಲೆಯಿಂದ ಬುಡದವರೆಗೆ ಇಡೀ ಬೆಟ್ಟ ಸಿಕ್ಕಿತು. ಹುಬ್ಬಳ್ಳಿಯ ಹಿರಿಯರು ಒಣ ಕಾಲುಚೀಲ ಹಾಕಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದರು.